ದಡ ಹಿಡಿದು

ಹಾಸನಕ್ಕೆ ಕಡಲಿಲ್ಲ.
ಬಂಗುಡೆ ಲಾರಿಯಿಂದ ರಸ್ತೆಗೆ ತೊಟ್ಟಿಕ್ಕುವ ಐಸುನೀರು,
ಅಷ್ಟೇ ನಮ್ಮ ಪಾಲಿನದು.
ಅಂಥದೇ ಲಾರಿಯ ನೆತ್ತಿಯ ಮೇಲೆ
ಒಂದು ಬೆಳಗಿನ ಜಾವ ದೋಣಿ ಬಂತು,
ಮಲ್ಪೆಯಲ್ಲಿ ಯಾರೋ ಬೇಡವೆಂದದ್ದು.
ಹೊಟ್ಟೆಗೆ ಮೂರು ತೇಪೆ,
ಮೂತಿಗೆ ಶಿರಾಡಿಯ ಕೆಸರು.
ಬೀದಿಯ ಬೆಕ್ಕುಗಳೆಲ್ಲ ಅದರ ಹಿಂದೆ.

ಇವರು ಇಪ್ಪತ್ತಾರು ವರ್ಷ ಮಂಗಳೂರು ಬಸ್ಸು ಓಡಿಸಿದವರು.
ರಾತ್ರಿ ಹಾಲ್ಟು ಇದ್ದಾಗಲೆಲ್ಲ
ಪಣಂಬೂರಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದರಂತೆ.
ಖಾಕಿ ಪ್ಯಾಂಟಿನ ಮಡಿಕೆಯಲ್ಲಿ ಮರಳಿರುತ್ತಿತ್ತು.
ಒಗೆಯುವ ಕಲ್ಲಿಗೆ ಝಾಡಿಸುತ್ತಿದ್ದೆ,
ಏನೂ ಕೇಳುತ್ತಿರಲಿಲ್ಲ.

ಈಗ ಹೇಮಾವತಿಯ ಹಿನ್ನೀರು, ಶೆಟ್ಟಿಹಳ್ಳಿಯ ದಡ.
ಮುರುಕು ಇಗರ್ಜಿ ಮೊಣಕಾಲುದ್ದ ನೀರಲ್ಲಿ ನಿಂತಿತ್ತು,
ಸೀರೆ ಎತ್ತಿ ಕಟ್ಟಿ ನಾಟಿಗಿಳಿದವಳ ಹಾಗೆ.
ಶಿಲುಬೆ ಗುರುತು ಹಾಕಿಕೊಂಡೆವು, ಅಭ್ಯಾಸ.
ನಡುನೀರು ಬೇಡ, ದಡ ಹಿಡಿದೇ ಹೋಗಿ ಅಂದೆ.
ಹಳೇ ಹಡಗಿನವರೂ ಹಾಗೇ ಹೋಗ್ತಿದ್ದದ್ದು ಕಣೆ ಅಂದರು,
ತಾವೇ ಕಂಡವರಂತೆ.

ಡಿಪೋ ಹತ್ತಲೊಲ್ಲ.
ನಿಂತ ಬಸ್ಸಿನಡಿ ಹುಟ್ಟಿದವನು,
ಇಂಜಿನ್ನಿಗೆ ಹೆದರದವನು,
ಅಲುಗುವ ನೆಲ ಕಂಡು ನಾಲ್ಕೂ ಕಾಲು ಊರಿಬಿಟ್ಟ.
ಜೀರಿಗೆಗೆ ಹದಿಮೂರು ತುಂಬಿದೆ, ಒಂದು ಕಣ್ಣಿಗೆ ಪೊರೆ.
ಎತ್ತಿ ಇಟ್ಟಲ್ಲಿ ಕೂತಳು.
ಕೋಡುಬಳೆ ತೋರಿಸಿ ಅವನನ್ನೂ ಹತ್ತಿಸಿದೆ.

ನಾಲ್ವರಲ್ಲಿ ಈಜು ಬರುವುದು ನಾಯಿಗಳಿಗೇ.
ಕಿತ್ತಳೆ ಜಾಕೆಟ್ಟು ತೊಟ್ಟದ್ದು ನಾವಿಬ್ಬರು.

ರೈಟ್, ಅಂದೆ. ಬಾಯಿಗೆ ಬಂತು.
ಇವರು ಕನ್ನಡಿ ನೋಡಲು ತಲೆಯೆತ್ತಿದರು.
ಕನ್ನಡಿ ಎಲ್ಲಿ.

ಹಿತ್ತಲ ಗರಿಕೆಯನ್ನು ಮಣ್ಣುಸಮೇತ ಕೆತ್ತಿ
ಬಾಂಡ್ಲಿಯಲ್ಲಿ ತಂದಿದ್ದೆ, ಅವು ಒಂದಕ್ಕೆ ಮಾಡಲಿ ಅಂತ.
ಜೀರಿಗೆ ಅದರ ಮೇಲೆ ಮಲಗಿ ನಿದ್ದೆ ಹೋದಳು.
ಡಿಪೋ ಮೂಸಿದ, ನನ್ನ ಮುಖ ನೋಡಿದ,
ಹಬ್ಬಕ್ಕೆ ಕರೆದು ತಂಗಳು ಬಡಿಸಿದಂತೆ.
ಒಂದು ಗಂಟೆ. ಎರಡು.
ನೀರುಕಾಗೆಗಳು ಒಣಮರದಲ್ಲಿ ರೆಕ್ಕೆ ಆರಹಾಕಿದ್ದವು.
ಅವನು ಹಲ್ಲು ಕಚ್ಚಿ, ಬಾಲ ಮಡಚಿ,
ಸಣ್ಣಗೆ ನಡುಗುತ್ತ ಕಟ್ಟಿಕೊಂಡೇ ಕೂತಿದ್ದ.

ಪಡುವಣ ಗಾಳಿ ಎದ್ದಿತು.
ಪುಟ್ಟ ಅಲೆ, ಆದರೂ ತೇಪೆಗೆ ಸರಿಯಾಗಿ ಬಡಿಯುತ್ತಿತ್ತು.
ಘಾಟಿಯ ತಿರುವಿನಲ್ಲಿ ಎಷ್ಟು ಜನರ ವಾಂತಿಗೆ
ಬಸ್ಸು ನಿಲ್ಲಿಸಿದವರೋ,
ಇವತ್ತು ತಾವೇ ಬಾಗಿದರು.
ಒಂದು ಕೈಯಲ್ಲಿ ಬೆನ್ನು ನೀವಿದೆ,
ಇನ್ನೊಂದರಲ್ಲಿ ಚುಕ್ಕಾಣಿ ಹಿಡಿದೆ.
ದೋಣಿ ನೆಟ್ಟಗೇ ಹೋಯಿತು.
ಇಬ್ಬರೂ ಆ ಮಾತೆತ್ತಲಿಲ್ಲ.

ಆಮೇಲೆ ದಿಬ್ಬ.
ನೀರು ಇಳಿದು ಮೊನ್ನೆ ಮೊನ್ನೆ ಎದ್ದದ್ದು,
ಬಿರಿದ ಮಣ್ಣು, ಕಪ್ಪೆಚಿಪ್ಪು,
ನಡುವೆ ಒಂದು ಸರ್ವೆ ಕಲ್ಲು.
ದೋಣಿ ತಾಗುವ ಮೊದಲೇ ಡಿಪೋ ಹಾರಿದ,
ಕಲ್ಲಿಗೆ ಮೂರು ಸುತ್ತು ಬಂದ,
ಕಾಲೆತ್ತಿದ.
ಮುಗಿಯುವ ಲಕ್ಷಣವೇ ಇಲ್ಲ.

ಯಾರ ಹೊಲವೋ. ರಾಗಿಯೋ, ಹುರುಳಿಯೋ.
ಪರಿಹಾರದ ಕಾಗದ ಯಾರ ಟ್ರಂಕಿನಲ್ಲಿ ಹಳದಿಯಾಯಿತೋ.
ಇಷ್ಟು ವರ್ಷಕ್ಕೆ ಒಬ್ಬ ಬಂದು
ಎಲ್ಲೆ ಇದೇ ಅಂದ.

ಜೀರಿಗೆಯನ್ನು ಸೊಂಟದ ಮೇಲಿಟ್ಟು ಇಳಿಸಿದೆ.
ತಾನು ಯಾರಿಗೂ ಅರ್ಜೆಂಟಿಲ್ಲದವಳಂತೆ ಕೂತೆದ್ದಳು.
ಇವರು ಬಂದೆ ಇರು ಅಂತ ದಿಬ್ಬದ ಆ ಬದಿಗೆ ಹೋದರು.

ತಿರುಗಿ ನೋಡಿದರೆ ಇಗರ್ಜಿ ಇನ್ನೂ ಹೆಬ್ಬೆರಳಷ್ಟಿದೆ.
ಇಷ್ಟೇನಾ ಬಂದದ್ದು?
ದಡ ಹಿಡಿದರೆ ಬಳಸುದಾರಿ ಕಣೆ.
ಜೇಬಿನಿಂದ ಪುಸ್ತಕ ತೆಗೆದು,
ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ ಬರೆದರು:
ಬಿಟ್ಟದ್ದು ಏಳು ಹತ್ತು. ತಲುಪಿದ್ದು ಒಂಬತ್ತು ಐವತ್ತು.
ಚಾಲಕ, ಚೌರಪ್ಪ.
ಅಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು.
ಚಾಲಕಿ, ಆರೋಗ್ಯಮ್ಮ.
ಪ್ರಯಾಣಿಕರು ಎರಡು. ಲಗೇಜು, ಗರಿಕೆ.

ಹೊರಡುವಾಗ ಡಿಪೋ ಬರಲಿಲ್ಲ.
ರೈಟ್ ಅಂದೆ. ಬಾಂಡ್ಲಿ ಬಡಿದೆ.
ಉಳಿದ ಕೋಡುಬಳೆಯನ್ನೂ ತೋರಿಸಿದೆ.
ಕಲ್ಲಿಗೊರಗಿ ಕೂತು ಆಕಳಿಸಿದ.
ಅವನಿಗೀಗ ಜಮೀನಿತ್ತು.